ಓಣಿ ಮೈದಾನದಲ್ಲಿ 10 ದಿನದ ಅಹೋರಾತ್ರಿ ಧರಣಿ: ಪೆಂಡಾಲ್ ಏಳೋ ಮೊದಲು ಏನೇನು ಮಾತಾಡ್ಕೋಬೇಕು?

ಟಿಳಕವಾಡಿ_ವಾಕರ್:
ಬೆಳಗಾವಿ ಅಧಿವೇಶನದ ಹೊತ್ತಿಗೆ ನಮ್ಮ ಓಣಿ ಪಕ್ಕದ ಮೈದಾನದಲ್ಲಿ ರೈತರ ಧರಣಿ ಅಂತ ಸುದ್ದಿ. ಅಂದಾಜು 300 ಜನ, ಅದರಲ್ಲಿ 100 ಹೆಣ್ಣುಮಕ್ಕಳು. ಅಡುಗೆ, ಮಲಗೋದು ಎಲ್ಲ ಅಲ್ಲೇ. ಬೇಡಿಕೆ ಬಗ್ಗೆ ಓಣಿಯಲ್ಲಿ ಯಾರದೂ ತಕರಾರಿಲ್ಲ, ಕಬ್ಬಿನ ಬಿಲ್ಲಿನ ಕಷ್ಟ ಇಲ್ಲಿ ಯಾರಿಗೆ ಗೊತ್ತಿಲ್ಲ? ಚಿಂತೆ ಇರೋದು ಶೌಚಾಲಯ, ರಾತ್ರಿ ಮೈಕು, ಮರಗಳು, ಆಮೇಲೆ ಉಳಿಯೋ ಕಸದ್ದು. ಸಂಘಟಕರ ಜೊತೆ ಏನು ಮಾತಾಡಬೇಕು, ಯಾವ ಕಚೇರಿಗೆ ಏನು ಬರೀಬೇಕು? ತಿಳಿದವರು ಹೇಳಿ.

ನೀರಿನ_ಲೆಕ್ಕ:
ಮೊದಲು ಶೌಚಾಲಯ. ಹೆಂಗಸರಿಗೆ 20 ಜನಕ್ಕೆ ಒಂದರಂತೆ 5, ಗಂಡಸರಿಗೆ 50ಕ್ಕೆ ಒಂದರಂತೆ 4, ಮೂತ್ರಿ ಬೇರೆ. ಇದಕ್ಕಿಂತ ಕಡಿಮೆ ಆದರೆ ಮೂರನೇ ದಿನಕ್ಕೆ ನಿಮ್ಮ ಕಾಂಪೌಂಡ್ ಗೋಡೆಯೇ ಮೂತ್ರಿ.

ನೀರು ತಲೆಗೆ ದಿನಕ್ಕೆ 15 ಲೀಟರ್ ಹಿಡಿಯಿರಿ: ಕುಡಿಯಲು, ಅಡುಗೆಗೆ, ಕೈ ತೊಳೆಯಲು 5, ಶೌಚಾಲಯಕ್ಕೆ 10. ಒಟ್ಟು 4,500 ಲೀಟರ್, ಅಂದರೆ 5,000 ಲೀಟರಿನ ಒಂದು ಟ್ಯಾಂಕರ್. ಸ್ನಾನ ಇದರಲ್ಲಿ ಸೇರಿಲ್ಲ. ಬರುವ ನೀರನ್ನು ಎಲ್ಲರೂ ಲೆಕ್ಕ ಹಾಕುತ್ತಾರೆ, ಹೋಗುವುದನ್ನು ಯಾರೂ ಹಾಕುವುದಿಲ್ಲ. ಶೌಚಾಲಯಕ್ಕೆ ಸುರಿದ 3,000 ಲೀಟರ್ ಕೆಳಗಿನ ಟ್ಯಾಂಕಿನಲ್ಲಿ ಕೂಡುತ್ತದೆ, ಹಾಗಾಗಿ ಸಕ್ಕಿಂಗ್ ಗಾಡಿ ದಿನಾ ಬರಲೇಬೇಕು. ಗಾಡಿ ಬಂದರೂ ಒಳಗೆ ಹೋಗಲಾಗದೆ ವಾಪಸ್ ಹೋಗುವುದುಂಟು: ಮೊಬೈಲ್ ಟಾಯ್ಲೆಟ್ಟನ್ನು ಮೈದಾನದ ಒಳಮೂಲೆಗೆ ನಿಲ್ಲಿಸಿರುತ್ತಾರೆ, ಎರಡನೇ ದಿನ ನಡುವೆ ಹೊಸ ಡೇರೆ ಎದ್ದು ಅದರ ಹಗ್ಗ ದಾರಿಗೆ ಅಡ್ಡ ಬಂದಿರುತ್ತದೆ. ರಸ್ತೆಯಂಚಿಗೇ ನಿಲ್ಲಿಸಿ, ಬಾಗಿಲು ಒಳಮುಖ ಇರಲಿ, ಹೆಂಗಸರ ಸಾಲಿಗೆ ರಾತ್ರಿಯಿಡೀ ದೀಪ ಬೇಕು. ಹತ್ತಿರ ಒಳಚರಂಡಿ ಮ್ಯಾನ್‌ಹೋಲ್ ಇದ್ದರೆ ಪಾಲಿಕೆ ಒಪ್ಪಿಗೆ ಪಡೆದು 4 ಇಂಚಿನ ಪೈಪಿನಲ್ಲಿ ಜೋಡಿಸಿಬಿಡಿ, ಗಾಡಿಯ ಗೊಡವೆಯೇ ಇಲ್ಲ.

ಗಂಜಿ, ಉಳಿದ ಸಾರು ತೆರೆದ ಗಟಾರಕ್ಕೆ ಹೋಗಬಾರದು. ಅಗುಳು, ಜಿಡ್ಡು ಸೇರಿ ಎರಡೇ ದಿನಕ್ಕೆ ಕಟ್ಟಿಕೊಳ್ಳುತ್ತದೆ. ಒಲೆ ಹತ್ತಿರ ಮುಚ್ಚಳದ ಡ್ರಮ್ ಇಡಿ, ರಾತ್ರಿ ಊಟ ಮುಗಿದ ಕೂಡಲೇ ಮುಚ್ಚಲಿ. ಇಲ್ಲದಿದ್ದರೆ ಬೆಳಗಿನ ಕಸದ ಗಾಡಿಗಿಂತ ಮೊದಲು ನಾಯಿ ಬರುತ್ತವೆ.

ಶಾಮಿಯಾನಾ_ಸಾಮಾನು:
ರೋಡಿನ ಮ್ಯಾಲ ಗೂಟ ಬಡಿಯಾಕ ಬಿಡಬ್ಯಾಡ್ರಿ. ದೀಡ ಫೂಟಿನ ಕಬ್ಬಿಣದ ಗೂಟ ಡಾಂಬರ ಸೀಳಿ ತಳದ ಖಡಿತನಕ ಇಳೀತೈತಿ. ಕಿತ್ತ ಮ್ಯಾಲ ತೂತು ಹೆಬ್ಬಟ್ಟಿನಷ್ಟ ಕಾಣ್ತೈತಿ, ಖರೇ ಮಳಿಗಾಲದಾಗ ನೀರು ಇಳದು ಖಡಿ ಸಡ್ಲಾಗಿ ಬುಟ್ಟಿಯಷ್ಟು ತಗ್ಗು ಬೀಳ್ತೈತಿ. ಡಾಂಬರಿನ ಮ್ಯಾಲ ಹಾಕೂದ ಆದ್ರ ಹಗ್ಗಕ್ಕೊಂದು 200 ಲೀಟರಿನ ಡ್ರಮ್ ನೀರು ತುಂಬಿ ಇಡ್ರಿ, ಇಲ್ಲಾ 50 ಕಿಲೋದ ಉಸುಕಿನ ಚೀಲ ನಾಕು.

ಡಿಸೆಂಬರ್ ಥಂಡಿಗೆ ಬೆಂಕಿ ಹಚ್ಚೇ ಹಚ್ತಾರ, ಬ್ಯಾಡ ಅನ್ನೂದು ಸರಿ ಅಲ್ಲ. ಅರ್ಧ ಕೊಯ್ದ ಬ್ಯಾರಲ್ ಇಟ್ಟಂಗಿ ಮ್ಯಾಲ ಇಟ್ಟು ಅದರಾಗ ಹಚ್ಲಿ, ಪೆಂಡಾಲ್ ಅರಿವಿಯಿಂದ 20 ಫೂಟು ದೂರ. ಬಾಜೂಕ ಎರಡು ಬಕೆಟ್ ಉಸುಕು. ಬರೇ ಡಾಂಬರಿನ ಮ್ಯಾಲ ಹಚ್ಚಿದ್ರ ಅದು ಕರಗಿ ಖಡಿ ಬಿಚ್ಚತಾವ.

ಗಿಡದ ಬುಡಕ ಒಲಿ ಹೂಡಬಾರ್ದು, ಟೊಂಗಿ ಎಲ್ಲಿತನಕ ಚಾಚ್ಯಾವ ಅದರ ಹೊರಗ ಇರ್ಲಿ. ಬೇರು ಸುಟ್ಟಿದ್ದು ಅವತ್ತ ಗೊತ್ತಾಗಂಗಿಲ್ಲ. ಎಲಿ ಒಣಗೂ ಹೊತ್ತಿಗೆ ತಿಂಗಳಗಟ್ಲೆ ಆಗಿರ್ತೈತಿ, ಆವಾಗ ಯಾರ್ನ ಕೇಳ್ತೀರಿ? ಹುಲ್ಲಿನ ಮ್ಯಾಲಿನ ತಾಡಪಾಲು, ಜಮಖಾನಿ ದಿನಾ ಮುಂಜಾನೆ ಎತ್ತಿ ಬಿಸಲಿಗೆ ಹಾಕ್ರಿ, ಹುಲ್ಲೂ ಉಳೀತೈತಿ.

ಸುಮ್ಮನೆ_ಬೆಳಗಾವ್ಕರ್:
ಇಷ್ಟೆಲ್ಲ ಯಾಕ್ರೀ? ಸೀದಾ ಸುವರ್ಣಸೌಧದ ಕಡೆ ಕಳಿಸಿ. ಸುವರ್ಣ ಗಾರ್ಡನ್, ಕೊಂಡಸಕೊಪ್ಪದಲ್ಲಿ ಪ್ರತಿಭಟನೆಗೆ ಅಂತಾನೇ ಜಿಲ್ಲಾಡಳಿತ ಪೆಂಡಾಲ್ ಹಾಕಿಸುತ್ತಲ್ಲ.

ಹಲಗಾ_ಶಿವಾರ:
ಅಣ್ಣಾರ, ಈ ಕಡೆ ಬಯಲು ಖಾಲಿ ಬಿದ್ದೈತಿ ಅನ್ಕೊಂಡೀರೇನು? ಭತ್ತ ಕೊಯ್ದ ಗದ್ದ್ಯಾಗ ಆವಾಗ ಮಸೂರ, ವಟಾಣಿ, ಕಡ್ಲಿ ನಿಂತಿರ್ತಾವ. ಟ್ರ್ಯಾಕ್ಟರ್ ಒಮ್ಮೆ ಹೊಳ್ಳಿದ್ರ ಬೆಳಿ ಅಷ್ಟ ಅಲ್ಲ, ಹಸಿ ಎರಿ ಗಟ್ಟಿಯಾಗಿ ರಂಟಿ ಹೊಡಿಯೂತನಕ ನೀರು ಇಂಗಂಗಿಲ್ಲ. ಹೈವೇ 48ರ ಸರ್ವಿಸ್ ರೋಡಿನಾಗ ಕ್ರೂಸರ್ ಎರಡು ಸಾಲು ನಿಂತ್ರ ಹಲಗಾ, ಬಸ್ತವಾಡದವ್ರು ದವಾಖಾನಿಗೆ ಹ್ಯಾಂಗ ಹೋಗ್ಬೇಕು? ಪಾರ್ಕಿಂಗ್ ಎಲ್ಲಿ ಅನ್ನೂದನ್ನ ಪೆಂಡಾಲಿಗಿಂತ ಮೊದಲು ಠರಾಯಿಸ್ರಿ. ಅಲ್ಲೂ, ಇಲ್ಲೂ.

ಅರ್ಜಿ_ನಮೂನೆ:
'ಧರಣಿ ಎಬ್ಬಿಸಿ' ಅಂತ ಬರೆದ ಅರ್ಜಿ ಕಡತದಲ್ಲೇ ಕೂಡುತ್ತೆ. ಒಂದು ಅರ್ಜಿಗೆ ಒಂದೇ ವಿಷಯ, ಒಂದೇ ಕಚೇರಿ ಇಟ್ಟುಕೊಳ್ಳಿ.

ಮೈಕು ಪೊಲೀಸರದ್ದು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಂದ್. ವಸತಿ ಪ್ರದೇಶದ ಮಿತಿ ಹಗಲು 55 ಡೆಸಿಬಲ್, ರಾತ್ರಿ 45. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ಆದರೂ ಅರ್ಧ ಕೆಲಸ ದೂರಿಲ್ಲದೆ ಆಗುತ್ತೆ: ಕಂಬದ ತುದಿಯ ಒಂದು ದೊಡ್ಡ ಭೋಂಗಾ ಇಳಿಸಿ, ನಾಲ್ಕು ಸಣ್ಣ ಬಾಕ್ಸ್ ಜನರ ಕಡೆ ಮುಖ ಮಾಡಿ ತಲೆ ಎತ್ತರಕ್ಕೆ ಇಡಲಿ. ಕೂತವರಿಗೂ ಮಾತು ಚೆನ್ನಾಗಿ ಕೇಳುತ್ತೆ.

ಕಸ ಪಾಲಿಕೆಯ ಆರೋಗ್ಯ ವಿಭಾಗದ್ದು. 100ಕ್ಕಿಂತ ಹೆಚ್ಚು ಜನ ಸೇರುವ ಕಾರ್ಯಕ್ರಮವಾದರೆ ಮೂರು ಕೆಲಸದ ದಿನ ಮೊದಲೇ ತಿಳಿಸಬೇಕು, ಹಸಿ-ಒಣ ಬೇರ್ಪಡಿಸಿ ಕೊಡಬೇಕು ಅಂತ 2016ರ ಘನತ್ಯಾಜ್ಯ ನಿಯಮಗಳೇ ಹೇಳಿದ್ದವು.

ರಸ್ತೆ ವಿಷಯದಲ್ಲಿ ಎರಡೂ ಕಡೆಯವರು ತಿಳಿದಿರಬೇಕಾದ್ದು: ಬೀದಿಯಲ್ಲಿ ಸಭೆ ಸೇರುವುದನ್ನು ನಿಯಂತ್ರಿಸಬಹುದು, ಮನಬಂದಂತೆ ನಿರಾಕರಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 1972ರ ಹಿಮ್ಮತ್‌ಲಾಲ್ ಶಾ ಪ್ರಕರಣದಲ್ಲಿ ಹೇಳಿದೆ. ಸಾರ್ವಜನಿಕ ದಾರಿಯನ್ನು ಅನಿರ್ದಿಷ್ಟವಾಗಿ ಹಿಡಿದಿಟ್ಟುಕೊಳ್ಳುವಂತಿಲ್ಲ ಅಂತ 2020ರ ಅಕ್ಟೋಬರ್ 7ರಂದು, ಶಾಹೀನ್ ಬಾಗ್ ತೀರ್ಪಿನಲ್ಲಿ. ನೀವು ಕೇಳಬೇಕಾದ್ದು ಆಂಬುಲೆನ್ಸಿಗೆ 12 ಅಡಿ ದಾರಿ, ಅಷ್ಟೇ. ಸುಣ್ಣದ ಗೆರೆ ಎಳೆಸಿ, ಬಾಯಿಮಾತಿನ ದಾರಿ ಮೊದಲ ಸಂಜೆಗೇ ಮುಚ್ಚಿಹೋಗುತ್ತೆ.

ಮೈದಾನದ ಫೋಟೋ ಹಿಂದಿನ ದಿನವೂ, ಖಾಲಿಯಾದ ದಿನವೂ ಅದೇ ಜಾಗದಲ್ಲಿ ನಿಂತು ತೆಗೆಯಿರಿ. ಮೊದಲೇ ಇದ್ದ ತಗ್ಗನ್ನು ರೈತರ ತಲೆಗೆ ಕಟ್ಟೋರೂ ಇರ್ತಾರೆ.

ಟಿಳಕವಾಡಿ_ವಾಕರ್:
ಎಲ್ಲರಿಗೂ ಧನ್ಯವಾದ. ಪಟ್ಟಿ ಮಾಡಿಕೊಂಡೆ. ವಾಕಿಂಗ್ ಟ್ರ್ಯಾಕ್ ಪೂರ್ತಿ ಬಿಡಿಸಿಕೊಳ್ಳೋಕೆ ಆಗೋದಿಲ್ಲ ಅನ್ಸುತ್ತೆ. ನಸುಕಿನಲ್ಲಿ ವಯಸ್ಸಾದವರು ಓಡಾಡ್ತಾರೆ.

ಶಾಮಿಯಾನಾ_ಸಾಮಾನು:
ಟ್ರ್ಯಾಕಿನ ಕಡೆ ಬರೂ ಹಗ್ಗಕ್ಕೆಲ್ಲ ಮೊಣಕಾಲ ಎತ್ತರಕ್ಕ ಬಿಳಿ ಅರಿವಿ ಕಟ್ಟಸ್ರಿ, ಗೂಟದ ತಲಿಗೆ ಖಾಲಿ ನೀರಿನ ಬಾಟ್ಲಿ ತಳಾ ಕೊಯ್ದು ಡಬ್ಬ ಹಾಕ್ರಿ. ಮುಂಜಾನೆ ಐದಕ್ಕ ಮಂಜಿನಾಗ ಹಗ್ಗ ಕಾಣಂಗಿಲ್ಲ.