ಪದಚರ್ಚೆ: ‘ಶಾರ್ಟ್‌ವೇವ್’, ‘ಎಕ್ಸ್‌ಟರ್ನಲ್ ಸರ್ವೀಸಸ್’ – ಕನ್ನಡದಲ್ಲಿ ಏನೆನ್ನಬೇಕು?

ಮಾನ್ಯರೇ,

ಹಳೆಯ ರೇಡಿಯೊಗಳ ಪ್ರದರ್ಶನವೊಂದಕ್ಕೆ ಕನ್ನಡ ಫಲಕ ಸಿದ್ಧಪಡಿಸುತ್ತಿದ್ದೇನೆ. ನಾಳೆ ಸಂಜೆಯೊಳಗೆ ಅದು ಅಚ್ಚಿಗೆ ಹೋಗಬೇಕು. ಎರಡನೆಯ ಮಹಾಯುದ್ಧ ಶುರುವಾದ ಮರುತಿಂಗಳೇ, 1939ರ ಅಕ್ಟೋಬರ್ 1ರಂದು, ಅಫ್ಘಾನಿಸ್ತಾನದಲ್ಲಿ ಹಬ್ಬುತ್ತಿದ್ದ ಜರ್ಮನ್ ಪ್ರಚಾರವನ್ನು ಎದುರಿಸಲು ಪುಷ್ತು ಭಾಷೆಯಲ್ಲಿ ಆರಂಭವಾದ ಪ್ರಸಾರವೇ ಮುಂದೆ ಬೆಳೆದು, ಹೊರದೇಶಗಳ ಕೇಳುಗರಿಗಾಗಿ ಆಕಾಶವಾಣಿ ನಡೆಸಿದ ಎಕ್ಸ್‌ಟರ್ನಲ್ ಸರ್ವೀಸಸ್ ವಿಭಾಗವಾಯಿತು. ಫಲಕದ ವಿಷಯ ಅದರ ಚರಿತ್ರೆ. ಶಾರ್ಟ್‌ವೇವ್‌ಗೆ ‘ಕಿರುತರಂಗ’ ಎಂದು ಬರೆದಿದ್ದೇನೆ. ‘ಬಾಹ್ಯ ಸೇವೆಗಳು’ ಎಂದರೆ ಮಾತ್ರ ಹೊರಗುತ್ತಿಗೆಯ ಕೆಲಸದಂತೆ ಕೇಳಿಸುತ್ತದೆ. ದಯವಿಟ್ಟು ಸೂಕ್ತ ಪದ ತಿಳಿಸಿ.

ಉತ್ತರ:

‘ಕಿರುತರಂಗ’ ಅರಿಸಮಾಸ, ಅಂದರೆ ಕನ್ನಡ ಪದಕ್ಕೆ ಸಂಸ್ಕೃತ ಪದವನ್ನು ಬೆಸೆದ, ವ್ಯಾಕರಣ ಒಪ್ಪದ ಜೋಡುಪದ. ಅದನ್ನು ಅಚ್ಚು ಹಾಕಿಸಬೇಡಿ. ‘ಹ್ರಸ್ವತರಂಗ’ ಎನ್ನಿ, ಅಚ್ಚಗನ್ನಡವೇ ಬೇಕಾದರೆ ‘ಕಿರಿಯಲೆ’ ಎನ್ನಿ. ಇಂಗ್ಲಿಷ್ ಪದವನ್ನೇ ಕನ್ನಡ ಲಿಪಿಗಿಳಿಸಿ ಕೈತೊಳೆದುಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಮೈಸೂರಿನಲ್ಲಿ 1935ರಲ್ಲೇ ಎಂ. ವಿ. ಗೋಪಾಲಸ್ವಾಮಿಯವರ ಬಾನುಲಿ ಕೇಂದ್ರ ‘ಆಕಾಶವಾಣಿ’ ಎಂಬ ಹೆಸರಿನಲ್ಲಿ ನಡೆದಿತ್ತು, ಅದೇ ಹೆಸರು ಬಳಿಕ ಇಡೀ ದೇಶದ ಬಾನುಲಿಗೆ ಬಂತು. ಅಂಥ ನಾಡಿನವರು ಒಂದು ಅಲೆಗೆ ಹೆಸರಿಡಲಾರದೆ ಎರವಲು ಬೇಡುವುದು ನಾಚಿಕೆಗೇಡು.

ಮರು ಉತ್ತರ:

ಅರಿಸಮಾಸದ ಮಾತು ಇಲ್ಲಿಗೆ ಸಾಕು. ‘ಕಿರುಚಿತ್ರ’ವನ್ನು ನಾಡೇ ಒಪ್ಪಿರುವಾಗ ‘ಕಿರುತರಂಗ’ಕ್ಕೆ ಮಾತ್ರ ಶಿಕ್ಷೆ ವಿಧಿಸುವುದು ನ್ಯಾಯವಲ್ಲ. ನನ್ನ ತಕರಾರು ಅರ್ಥದ್ದು. ಕಿರು, ಹ್ರಸ್ವ, ಕಿರಿಯ ಎಂದೊಡನೆ ಫಲಕದ ಮುಂದೆ ನಿಂತವರು ಇದನ್ನು ಹತ್ತಿರದೂರಿನ ಪ್ರಸಾರವೆಂದು ತಿಳಿಯುತ್ತಾರೆ. ನಿಜ ಅದಕ್ಕೆ ತೀರಾ ವಿರುದ್ಧ. ಸುಮಾರು 10ರಿಂದ 100 ಮೀಟರ್ ಉದ್ದದ ಈ ಅಲೆಗಳು ವಾಯುಮಂಡಲದ ಮೇಲ್ಭಾಗದ ವಿದ್ಯುದಾವೇಶದ ಪದರವಾದ ಅಯಾನುಗೋಳದಿಂದ ಮರಳಿ ನೆಲಕ್ಕಿಳಿದು, ಮತ್ತೆ ಮೇಲಕ್ಕೆ ಪುಟಿದು, ಹೀಗೆ ಸಮುದ್ರಗಳನ್ನೇ ದಾಟುವುದರಿಂದ ತಾನೇ ಬೆಂಗಳೂರಿನ ಯಲಹಂಕದ ಬಳಿಯ 500 ಕಿಲೋವ್ಯಾಟ್ ಟ್ರಾನ್ಸ್‌ಮಿಟರ್‌ಗಳ ದನಿ ಯುರೋಪಿನವರೆಗೂ ಮುಟ್ಟಿದ್ದು? ಕಿರಿದಾಗಿರುವುದು ಅಲೆಯ ಉದ್ದ, ಅದು ಸಾಗುವ ದಾರಿಯಲ್ಲ.

ಹಳೆಯ ರೇಡಿಯೊದ ಗಾಜಿನ ಪಟ್ಟಿಯ ಮೇಲೆ ಮುಳ್ಳು ಓಡಾಡುವಲ್ಲಿ 25, 31, 41, 49 ಎಂಬ ಅಂಕಿಗಳು ಅಚ್ಚಾಗಿರುತ್ತಿದ್ದವಲ್ಲ, ಅವು ಮೀಟರಿನಲ್ಲಿ ಹೇಳಿದ ಇದೇ ಉದ್ದಗಳು. ಆ ಅಂಕಿಗಳನ್ನು ವಿವರಿಸುವಾಗ ‘ತರಂಗಾಂತರ’ ಎಂದು ಬರೆಯದಿರಿ, ಏಕೆಂದರೆ ಪತ್ರಿಕೆಗಳು ಅದನ್ನು ಮೊಬೈಲ್ ಸ್ಪೆಕ್ಟ್ರಮ್ ಹಂಚಿಕೆಗೆ ಬಳಸಿ ಬಳಸಿ ಅರ್ಥವನ್ನೇ ಬದಲಿಸಿಬಿಟ್ಟಿವೆ. ಒಂದು ಅಲೆಯ ಉದ್ದಕ್ಕೆ ಶಾಲೆಯ ಪಠ್ಯದ ‘ತರಂಗದೂರ’ ಸ್ಪಷ್ಟವಾಗಿದೆ.

ಎರವಲಿನ ಬಗ್ಗೆ ಒಂದು ಮಾತು: ನಡುರಾತ್ರಿ ಮುಳ್ಳು ತಿರುಗಿಸಿ ದೂರದ ನಿಲಯಗಳನ್ನು ಹುಡುಕಿದ ಕನ್ನಡಿಗರು ‘ಶಾರ್ಟ್‌ವೇವ್’ ಎಂದೇ ಹೇಳುತ್ತ ಬಂದಿದ್ದಾರೆ, ಅವರ ಬಾಯಲ್ಲಿ ಪಳಗಿದ ಪದ ಕನ್ನಡದ್ದೇ. ಆದ್ದರಿಂದ ತಲೆಬರಹಕ್ಕೆ ‘ಆಕಾಶವಾಣಿಯ ವಿದೇಶ ಪ್ರಸಾರ ವಿಭಾಗ’ ಎಂದೂ, ಒಳಗೆ ‘ಶಾರ್ಟ್‌ವೇವ್, ಅಂದರೆ ಕಡಿಮೆ ತರಂಗದೂರದ, ಆದರೆ ಬಹುದೂರ ಸಾಗುವ ರೇಡಿಯೊ ಅಲೆ’ ಎಂದೂ ಅಚ್ಚು ಹಾಕಿಸಿ.