ಪದಚರ್ಚೆ: ಕಾಂಕ್ರೀಟ್ ನೆಲದ ಮೇಲೆ ಕೂರಿಸುವ ‘ಎಂಜಿನಿಯರ್ಡ್ ಹಾರ್ಡ್‌ವುಡ್’ಗೆ ಕನ್ನಡದಲ್ಲಿ ಏನೆನ್ನಬೇಕು?

‘ಎಂಜಿನಿಯರ್ಡ್ ಹಾರ್ಡ್‌ವುಡ್’ ಎಂದರೆ ಮರದ ಪದರಗಳನ್ನು ಒಂದರ ಮೇಲೊಂದು ಅಂಟಿಸಿ ಮಾಡಿದ ನೆಲಹಲಗೆ. ದಾವಣಗೆರೆಯ ಮಿತ್ರರು ಅಂಗಡಿಯ ಫಲಕಕ್ಕೂ ಕೆಲಸಗಾರರಿಗೆ ಕೊಡುವ ಸೂಚನಾಪತ್ರಕ್ಕೂ ಈ ವಾರವೇ ಪದ ಬೇಕೆಂದಿದ್ದಾರೆ. ಬಂದಿರುವ ಸಲಹೆಗಳಲ್ಲಿ ‘ಅಭಿಯಾಂತ್ರಿಕ ಕಠಿಣದಾರು’ ಚರ್ಚೆಗೇ ಯೋಗ್ಯವಲ್ಲ. ಹರಿಹರದಿಂದ ಹಿರಿಯೂರಿನವರೆಗೆ ಯಾವ ಬಡಗಿಯೂ ಅದನ್ನು ಓದಿ ಕೆಲಸ ಮಾಡಲಾರ. ‘ಗಟ್ಟಿಮರ’ವೂ ಸಲ್ಲದು. ಹಾರ್ಡ್‌ವುಡ್ ಎಂಬುದು ಗಡಸುತನದ ಅಳತೆಯಲ್ಲ, ಸಸ್ಯವರ್ಗವೊಂದರ ಹೆಸರು: ತೇಗ, ಬೀಟೆ, ಓಕ್‌ಗಳ ಜೊತೆಗೆ, ಉಗುರಿನಿಂದ ಒತ್ತಿದರೆ ಗುರುತು ಬೀಳುವ ಬಾಲ್ಸಾ ಕೂಡ ಅದೇ ವರ್ಗದ್ದು.

ನನ್ನ ಸಲಹೆ ‘ಪದರಮರದ ನೆಲಹಲಗೆ’. ಈ ಹಲಗೆಯ ಕೊಯ್ದ ಅಂಚನ್ನು ನೋಡಿದರೆ, ಮೇಲೆ ಸಾಮಾನ್ಯವಾಗಿ 2ರಿಂದ 6 ಮಿ.ಮೀ. ದಪ್ಪದ ಅಸಲಿ ಮರವೂ, ಅದರ ಕೆಳಗೆ ಒಂದರ ಎಳೆ ಉದ್ದಕ್ಕೆ, ಮುಂದಿನದರ ಎಳೆ ಅಡ್ಡಕ್ಕೆ ಬರುವಂತೆ ಅಂಟಿಸಿದ ತೆಳು ಪದರಗಳೂ ಕಾಣುತ್ತವೆ. ತೇವ ಕುಡಿದ ಮರ ಎಳೆಯ ಉದ್ದಕ್ಕೆ ಹೆಚ್ಚು ಹಿಗ್ಗುವುದಿಲ್ಲ, ಅಡ್ಡಕ್ಕೆ ಹಿಗ್ಗುತ್ತದೆ. ಹೀಗಾಗಿ ಒಂದು ಪದರ ಹಿಗ್ಗಲು ಹೊರಟರೆ ಅದರ ಕೆಳಗಿನದು ಹಿಡಿದು ನಿಲ್ಲಿಸುತ್ತದೆ. ನಮ್ಮ ಭಾಗದ ಏಪ್ರಿಲ್ ತಿಂಗಳ ಒಣಹವೆಯನ್ನೂ ಮಳೆಗಾಲದ ತೇವವನ್ನೂ ಇದು ಇಡೀ ಮರದ ಹಲಗೆಗಿಂತ ಚೆನ್ನಾಗಿ ತಾಳುವುದು ಈ ಗುಣದಿಂದಲೇ, ಹೆಸರೂ ಅದನ್ನೇ ಹೇಳಬೇಕು. ‘ಮರಹಾಸು’ ಎಂದರೆ, ಮರದ ಚಿತ್ರ ಅಚ್ಚಾದ ಕಾಗದವನ್ನು ಹೊದಿಸಿದ ಲ್ಯಾಮಿನೇಟ್ ಕೂಡ ಅದರಲ್ಲೇ ಸೇರಿಹೋಗುತ್ತದೆ. ಮೇಲಿನ ಮರ ಸಾಕಷ್ಟು ದಪ್ಪವಿದ್ದರೆ ಪದರಮರವನ್ನು ಉಜ್ಜಿ ಮತ್ತೆ ಪಾಲಿಶ್ ಮಾಡಬಹುದು, ಲ್ಯಾಮಿನೇಟನ್ನು ಮಾಡಲಾಗದು. ಹಣ ಕೊಡುವ ಗಿರಾಕಿಗೆ ಈ ವ್ಯತ್ಯಾಸ ಹೆಸರಿನಲ್ಲೇ ತಿಳಿಯಬೇಕು.

‘ಪದರ’ ಮರಾಠಿಯಲ್ಲೂ ಇದೆ, ಆದ್ದರಿಂದ ಅಚ್ಚಗನ್ನಡವಲ್ಲ ಎಂಬ ಆಕ್ಷೇಪವನ್ನು ನಾನು ಒಪ್ಪುವುದಿಲ್ಲ. ಕೆಲಸ ಮಾಡಿಸುವ ‘ಮೇಸ್ತ್ರಿ’ ಪೋರ್ಚುಗೀಸಿನಿಂದ ಬಂದವನು, ನೆಲದ ಮೇಲೆ ಇಡುವ ‘ಕುರ್ಚಿ’ಯ ಮೂಲ ಅರಬ್ಬಿ, ಕೊನೆಗೆ ‘ಹಲಗೆ’ಯನ್ನೂ ಸಂಸ್ಕೃತದ ‘ಫಲಕ’ದ ತದ್ಭವವೆಂದೇ ಹೇಳುತ್ತಾರೆ. ಇವೆಲ್ಲವನ್ನೂ ಬಿಟ್ಟು ಸೂಚನಾಪತ್ರ ಬರೆಯಲಾಗದು. ಕಾಂಕ್ರೀಟ್ ಕಾಂಕ್ರೀಟಾಗಿಯೇ ಇರಲಿ.

ಸೂಚನಾಪತ್ರದಲ್ಲಿ ‘ಫ್ಲೋಟಿಂಗ್’ ಎಂಬುದಕ್ಕೆ ‘ತೇಲುನೆಲ’ ಬೇಡ. ಹಲಗೆಗಳು ಪರಸ್ಪರ ಕೂಡಿಕೊಂಡಿದ್ದು ನೆಲಕ್ಕೆ ಅಂಟಿರುವುದಿಲ್ಲ ಎಂಬುದಷ್ಟೇ ಅದರ ಅರ್ಥವಾದ್ದರಿಂದ ‘ನೆಲಕ್ಕೆ ಅಂಟಿಸದ ಜೋಡಣೆ’ ಎಂದು ಬರೆಯಿರಿ. ಗೋಡೆಯ ಸುತ್ತ ಬಿಡುವ 10–12 ಮಿ.ಮೀ. ಜಾಗಕ್ಕೆ ‘ಹಿಗ್ಗುಸಂದು’, ಕೆಳಗೆ ಹಾಸುವ ಪಾಲಿಥೀನಿಗೆ ‘ತೇವತಡೆ ಹಾಳೆ’ ಸಾಕು. ‘ಒಣಗಿದ ಕಾಂಕ್ರೀಟ್’ ಎಂಬುದು ಮಾತ್ರ ಅಪಾಯದ ಮಾತು. ಮೇಲ್ಮೈ ಬೆಳ್ಳಗಾದ ಮೇಲೂ ಒಳಗಿನ ನೀರು ತಿಂಗಳುಗಟ್ಟಲೆ ಏಳುತ್ತಲೇ ಇರುತ್ತದೆ, ಒಂದು ಅಂಗುಲ ದಪ್ಪಕ್ಕೆ ಸುಮಾರು ಒಂದು ತಿಂಗಳು ಎಂಬುದು ರೂಢಿಯ ಲೆಕ್ಕ. ಅದನ್ನು ‘ಅಳೆದು ನೋಡಿ, ಒಳತೇವ ಆರಿದ ಕಾಂಕ್ರೀಟ್’ ಎಂದು ತಿದ್ದಿ.

ಇನ್ನೊಂದು ತಪ್ಪು ಸೂಚನಾಪತ್ರದ ಅನುವಾದದಲ್ಲೇ ಇದೆ. ‘ನೆಲ ಮಟ್ಟವಾಗಿರಲಿ’ ಎಂದರೆ ಗಾರೆ ಕೆಲಸದವರು ರಸಮಟ್ಟ ಇಟ್ಟು ಗುಳ್ಳೆ ನಡುವಿಗೆ ಬಂದಿತೆಂದು ಸುಮ್ಮನಾಗುತ್ತಾರೆ. ಇಲ್ಲಿ ಬೇಕಾದದ್ದು ಮಟ್ಟವಲ್ಲ, ಉಬ್ಬುತಗ್ಗು ಇಲ್ಲದ ಸಮತೆ. ತುಸು ಇಳಿಜಾರಾದ ನೆಲವೂ ಸಮವಾಗಿರಬಹುದು. ಆದ್ದರಿಂದ ಆ ವಾಕ್ಯ ಹೀಗಿರಲಿ: ‘3 ಮೀಟರ್ ಉದ್ದದ ನೇರಪಟ್ಟಿಯನ್ನು ನೆಲದ ಮೇಲಿಟ್ಟಾಗ ಅದರಡಿ ಎಲ್ಲಿಯೂ 5 ಮಿ.ಮೀ.ಗಿಂತ ಹೆಚ್ಚು ಸಂದು ಕಾಣಬಾರದು.’