‘ಗಿಯೂರ್’ ಎಂಬುದಕ್ಕೆ ‘ಮತಾಂತರ’ ಸರಿಯೇ? ‘ಒಕ್ಕಲಾಗು’ ಎನ್ನಬಹುದೇ?

ಬಳಗದ ಎಲ್ಲರಿಗೂ ನಮಸ್ಕಾರ.

ಹೊರಗಿನವರೊಬ್ಬರು ಯೆಹೂದಿ ಜನರೊಳಗೆ ಸೇರಿಕೊಳ್ಳುವ ಕ್ರಮವನ್ನು ಹೀಬ್ರೂ ಭಾಷೆಯಲ್ಲಿ ‘ಗಿಯೂರ್’ ಎನ್ನುತ್ತಾರೆ. ಇದನ್ನು ಕನ್ನಡದಲ್ಲಿ ಹೇಗೆ ಹೇಳಬೇಕೆಂಬುದು ನನ್ನ ಪ್ರಶ್ನೆ. ಬಾಸ್ಟನ್ನಿನಲ್ಲಿರುವ ನನ್ನ ಅಕ್ಕನ ಮಗಳು ಎರಡು ವರ್ಷ ಓದಿ, ಕಳೆದ ಚಳಿಗಾಲದಲ್ಲಿ ಆರ್ಥೊಡಾಕ್ಸ್ (ಕಟ್ಟಾ ಸಂಪ್ರದಾಯದ) ರಬ್ಬಿಗಳ, ಎಂದರೆ ಯೆಹೂದಿ ಧರ್ಮಪಂಡಿತರ, ಮುಂದೆ ಗಿಯೂರ್ ಮುಗಿಸಿಕೊಂಡಳು. ಕೊಳ್ಳೇಗಾಲದ ಕಡೆಯ ಹಳ್ಳಿಯಲ್ಲಿರುವ ಅಜ್ಜಿಗೆ, ಎಂದರೆ ನನ್ನ ತಾಯಿಗೆ, ಅದನ್ನು ವಿವರಿಸಿ ಇಂಗ್ಲಿಷಿನಲ್ಲಿ ದೀರ್ಘವಾದ ಕಾಗದವೊಂದನ್ನು ಬರೆದು, ಅದನ್ನು ಕನ್ನಡಕ್ಕೆ ತಂದು ಓದಿ ಹೇಳುವ ಕೆಲಸವನ್ನು ನನಗೆ ವಹಿಸಿದಳು. ಮೊದಲ ಸಾಲಿನಲ್ಲೇ ‘ಮತಾಂತರ’ ಎಂದು ಬರೆದೆ. ಕಾಗದದ ಕೊನೆಗೆ ಬರುವಷ್ಟರಲ್ಲಿ ಆ ಪದವನ್ನು ಎಲ್ಲ ಕಡೆಯೂ ಹೊಡೆದುಹಾಕಬೇಕಾಯಿತು.

ಅದಕ್ಕೆ ಕಾರಣವಿದೆ. ಸ್ಥಳಾಂತರ, ಭಾಷಾಂತರ, ಮತಾಂತರ ಇವೆಲ್ಲವೂ ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋಗುವುದನ್ನು ಹೇಳುವ ಪದಗಳು. ಬಿಟ್ಟದ್ದೇನು ಎಂಬ ಪ್ರಶ್ನೆ ಅವುಗಳ ಬೆನ್ನಿಗೇ ಇರುತ್ತದೆ. ಗಿಯೂರ್ ಕೇಳಿ ಬಂದವರಿಗೆ ಹಾಕಬೇಕಾದ ಮೊದಲ ಪ್ರಶ್ನೆ ಯೆಹೂದಿಗಳ ಪ್ರಾಚೀನ ಧರ್ಮಶಾಸ್ತ್ರ ಗ್ರಂಥವಾದ ತಾಲ್ಮುಡ್‌ನಲ್ಲಿ ದಾಖಲಾಗಿದೆ, ಮತ್ತು ಅದು ಬೇರೆಯೇ ಬಗೆಯದು: ಈ ಕಾಲದಲ್ಲಿ ಇಸ್ರಾಯೇಲ್ಯರು (ಎಂದರೆ ಯೆಹೂದಿಗಳು) ನೊಂದಿದ್ದಾರೆ, ತುಳಿತಕ್ಕೆ ಒಳಗಾಗಿದ್ದಾರೆ, ಇದು ಗೊತ್ತಿದ್ದೂ ಬಂದೆಯಾ ಎಂಬುದು. ಗೊತ್ತಿದೆ, ಅದಕ್ಕೂ ನಾನು ಯೋಗ್ಯನಲ್ಲ ಎಂದವನನ್ನು ಕೂಡಲೇ ಒಪ್ಪಿಕೊಳ್ಳಬೇಕು. ಆಮೇಲೆ ಕೆಲವು ಸುಲಭದ, ಕೆಲವು ಕಠಿನದ ವಿಧಿಗಳನ್ನು ತಿಳಿಸಬೇಕು. ದೇವರೊಬ್ಬನೇ ಎಂಬುದನ್ನು ಕಲಿಸುವುದೂ ಇದೆ, ಆದರೆ ಮಾತು ಶುರುವಾಗುವುದು ಜನರಿಂದ, ಜನರ ಕಷ್ಟದಿಂದ. ಬೈಬಲ್ಲಿನಲ್ಲಿ ಮೋವಾಬ್ ಎಂಬ ಹೊರನಾಡಿನವಳಾದ ರೂತಳು ತನ್ನ ಯೆಹೂದಿ ಅತ್ತೆಗೆ ಹೇಳುವ ಮಾತಿನಲ್ಲಿಯೂ ‘ನಿನ್ನ ಜನ’ ಮೊದಲು ಬರುತ್ತದೆ, ‘ನಿನ್ನ ದೇವರು’ ಆಮೇಲೆ.

ವ್ಯಾಕರಣದ ಕಡೆಯಿಂದಲೂ ಒಂದು ತೊಡಕು ಇದೆ. ‘ಮತಾಂತರ’ ಎಂದೊಡನೆ ಮಾಡುವವನೊಬ್ಬ, ಮಾಡಿಸಿಕೊಳ್ಳುವವನೊಬ್ಬ ಎಂಬ ಚಿತ್ರ ಇಂದು ಕಣ್ಣಿಗೆ ಬರುತ್ತದೆ. 2022ರ ಕರ್ನಾಟಕದ ಕಾಯ್ದೆಯನ್ನು ಎಲ್ಲರೂ ‘ಮತಾಂತರ ನಿಷೇಧ ಕಾಯ್ದೆ’ ಎಂದೇ ಕರೆದು ರೂಢಿಯಾದ ಮೇಲೆ ಈ ಛಾಯೆ ಇನ್ನಷ್ಟು ಗಟ್ಟಿಯಾಗಿದೆ. ಹೀಬ್ರೂವಿನಲ್ಲಿ ಸೇರುವವನ ಕ್ರಿಯೆ ‘ಹಿತ್ಗಯ್ಯೇರ್’, ತನ್ನನ್ನು ತಾನೇ ಮಾಡಿಕೊಳ್ಳುವುದನ್ನು ಸೂಚಿಸುವ ರೂಪ. ಸೇರಿಸಿಕೊಳ್ಳುವ ಮೂವರು ರಬ್ಬಿಗಳ ನ್ಯಾಯಪೀಠದ ಕ್ರಿಯೆಗೆ ‘ಗಿಯ್ಯೇರ್’ ಎಂಬ ಬೇರೆ ರೂಪವಿದೆ. ರಬ್ಬಿಗಳು ಯಾರನ್ನೂ ಕರೆಯಲು ಹೋಗುವುದಿಲ್ಲ, ಬಂದವರನ್ನೂ ಮೊದಲು ಹಿಂದಕ್ಕೆ ಕಳಿಸಿ ನೋಡುವ ವಾಡಿಕೆ ಇದೆ. ನಮ್ಮ ಹುಡುಗಿಗೆ ಮೊದಲು ಸಿಕ್ಕ ರಬ್ಬಿ ಎರಡು ಪತ್ರಗಳಿಗೆ ಉತ್ತರವನ್ನೇ ಬರೆಯಲಿಲ್ಲವಂತೆ.

‘ದೀಕ್ಷೆ’ ಎನ್ನಬಹುದೇ ಎಂದೂ ಯೋಚಿಸಿದೆ. ಆದರೆ ದೀಕ್ಷೆ ಎಂದರೆ ಗುರು ಬೇಕು, ಲಿಂಗವೋ ಮಂತ್ರವೋ ಕೈಗೆ ಬರಬೇಕು. ಇಲ್ಲಿ ಎದುರಿಗೆ ಕೂತಿರುವ ಮೂವರು ಗುರುಗಳಾಗಿ ಅಲ್ಲ, ನ್ಯಾಯಾಧೀಶರಾಗಿ ಕೂತಿರುತ್ತಾರೆ. ಆ ಪೀಠದ ಹೆಸರಾದ ‘ಬೇತ್ ದಿನ್’ ಎಂದರೇ ನ್ಯಾಯದ ಮನೆ. ‘ದತ್ತು’ ಅರ್ಥಕ್ಕೆ ಹತ್ತಿರ, ಆದರೆ ದತ್ತುವಿನಲ್ಲಿ ಮಗುವಿನ ಮಾತು ನಡೆಯುವುದಿಲ್ಲ.

‘ಗಿಯೂರ್’ ಹೊರಟಿರುವುದು ‘ಗೇರ್’ ಎಂಬ ನಾಮಪದದಿಂದ. (ಇದನ್ನು ಹಾಗೆಯೇ ಬರೆದರೆ ಓದುಗರಿಗೆ ಮೋಟಾರು ಬಂಡಿಯ ಗೇರೋ ತಿನ್ನುವ ಗೇರುಬೀಜವೋ ನೆನಪಾದರೆ ಅವರ ತಪ್ಪಲ್ಲ.) ಇದರ ಧಾತುವಿಗೆ ನೆಲೆಸು, ವಾಸವಿರು ಎಂಬ ಅರ್ಥವಿದೆ; ಇಂದಿನ ಹೀಬ್ರೂವಿನಲ್ಲಿಯೂ ಇಂಥ ಊರಿನಲ್ಲಿದ್ದೇನೆ ಎನ್ನಲು ಇದೇ ಧಾತುವಿನ ‘ಗಾರ್’ ಬಳಸುತ್ತಾರೆ. ಹಳೆಯ ಗ್ರಂಥಗಳಲ್ಲಿ ‘ಗೇರ್’ ಎಂದರೆ ಬೇರೆ ಕಡೆಯಿಂದ ಬಂದು ಇವರ ನೆಲದಲ್ಲಿ ನೆಲೆಸಿದವನು. ಇವರ ಜನರಲ್ಲಿ ಒಬ್ಬನಾದವನು ಎಂಬ ಅರ್ಥ ರಬ್ಬಿಗಳ ಕಾಲದಲ್ಲಿ ಗಟ್ಟಿಯಾಯಿತು. ಹಳೆಯ ಅರ್ಥಕ್ಕೆ ಕನ್ನಡ ಬೈಬಲ್ಲಿನಲ್ಲಿ ‘ಪರದೇಶ’ದಿಂದ ಹುಟ್ಟಿದ ಪದಗಳು ಬಳಕೆಯಲ್ಲಿವೆ. ನಮ್ಮ ಊರುಗಳಲ್ಲಿ ‘ಪರದೇಶಿ’ ಎಂದರೆ ದಿಕ್ಕಿಲ್ಲದವನು ಎಂಬ ಬೈಗುಳ. ಮೊಮ್ಮಗಳು ಪರದೇಶಿಯಾದಳು ಎಂದು ಅಜ್ಜಿಗೆ ಓದಿದ್ದರೆ ಅಳು ಎದ್ದುಬಿಡುತ್ತಿತ್ತು.

ನಾನು ಹುಡುಕುತ್ತಿದ್ದ ಪದವನ್ನು ಕೊಟ್ಟವರು ಅಜ್ಜಿಯೇ. ಯಾವ ಪದವನ್ನೂ ಬಳಸದೆ ನಡೆದದ್ದನ್ನಷ್ಟೇ ಹೇಳಿದೆ: ಮೂವರು ಹಿರಿಯರ ಮುಂದೆ ಒಪ್ಪಿಕೊಂಡಳು, ಮೂಗುಬೊಟ್ಟನ್ನೂ ಬಿಡದೆ ಮೈಮೇಲಿನ ಒಡವೆಯನ್ನೆಲ್ಲ ತೆಗೆದು, ಉಗುರಿನ ಬಣ್ಣ ಒರೆಸಿ, ಒಂದು ಕೂದಲೂ ಮೇಲೆ ತೇಲದಂತೆ ನೀರಿನಲ್ಲಿ ಮುಳುಗಿ ಎದ್ದಳು, ಹೊಸ ಹೆಸರು ಇಟ್ಟುಕೊಂಡಳು, ಇನ್ನು ಮುಂದೆ ಅವಳನ್ನು ಅಬ್ರಹಾಮ ಸಾರಾ ಎಂಬ ಅವರ ಮೂಲಪುರುಷ ದಂಪತಿಯ ಮಗಳು ಎಂದು ಕರೆಯುತ್ತಾರೆ ಎಂದು. ಎಲ್ಲವನ್ನೂ ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಂಗಾದ್ರ ಅವ್ರ ದೇವ್ರಿಗ ಒಕ್ಕಲಾದ್ಲು ಅನ್ನು’ ಎಂದರು. ಮೂಗುಬೊಟ್ಟನ್ನು ತಿರುಗಿ ಹಾಕಿಕೊಂಡಳೋ ಇಲ್ಲವೋ ಎಂಬುದು ಅವರ ಎರಡನೆಯ ಪ್ರಶ್ನೆಯಾಗಿತ್ತು.

ಚಾಮರಾಜನಗರ, ಕೊಳ್ಳೇಗಾಲದ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಾದಪ್ಪನ ಒಕ್ಕಲು, ಸಿದ್ದಪ್ಪಾಜಿ ಒಕ್ಕಲು ಎಂದರೆ ಆ ದೇವರಿಗೆ ನಡೆದುಕೊಳ್ಳುವ ಮನೆತನಗಳು. ನಂಬುವುದು ಅದರಲ್ಲಿ ಸೇರಿಯೇ ಇದೆ, ಆದರೆ ಒಕ್ಕಲುತನ ಕಾಣುವುದು ನಡೆದುಕೊಳ್ಳುವುದರಲ್ಲಿ: ಯಾವ ವಾರ ಏನು ಮಾಡಬಾರದು, ಯಾವ ಹಬ್ಬಕ್ಕೆ ಯಾವ ಹರಕೆ, ಮನೆಯಲ್ಲಿ ಏನು ಬೇಯಬಾರದು. ‘ಒಕ್ಕಲು’ ಪದಕ್ಕೆ ವಾಸ, ಮನೆ, ಕುಟುಂಬ ಎಂಬ ಅರ್ಥಗಳೂ ಇವೆ. ಹೊಸ ಮನೆ ಹೊಗುವುದನ್ನು ಕರಾವಳಿಯಲ್ಲಿ ಇಂದಿಗೂ ‘ಮನೆ ಒಕ್ಕಲು’ ಎನ್ನುತ್ತಾರೆ. ನೆಲೆಸುವುದರಿಂದ ಮನೆತನಕ್ಕೆ, ಮನೆತನದಿಂದ ದೇವರಿಗೆ ನಡೆದುಕೊಳ್ಳುವವರಿಗೆ ಈ ಪದದ ಅರ್ಥ ಹಬ್ಬಿರುವ ರೀತಿಗೂ ‘ಗೇರ್’ ಪದದ ಅರ್ಥ ಬೆಳೆದ ರೀತಿಗೂ ಹೋಲಿಕೆಯಿದೆ ಎಂದು ನನಗೆ ತೋರುತ್ತದೆ. 12ನೆಯ ಶತಮಾನದ ಯೆಹೂದಿ ಧರ್ಮಶಾಸ್ತ್ರಜ್ಞ ಮೈಮೊನಿಡೀಸ್, ಹೀಗೆ ಸೇರಿದ ಓಬದ್ಯ ಎಂಬುವನು ಪ್ರಾರ್ಥನೆಯಲ್ಲಿ ‘ನಮ್ಮ ಪೂರ್ವಜರ ದೇವರೇ’ ಎನ್ನಬಹುದೇ ಎಂದು ಕೇಳಿದಾಗ, ಅವಶ್ಯವಾಗಿ ಹಾಗೆಯೇ ಹೇಳಬೇಕು, ಸೇರಿದವರೆಲ್ಲರೂ ಅಬ್ರಹಾಮನ ಶಿಷ್ಯರು ಮತ್ತು ಅವನ ಮನೆಯವರು ಎಂಬ ಅರ್ಥದ ಉತ್ತರ ಬರೆದ. ‘ಅವನ ಮನೆಯವರು’ ಎಂಬುದಕ್ಕೆ ‘ಅವನ ಒಕ್ಕಲು’ ಎಂದರೆ ಕನ್ನಡದಲ್ಲಿ ಒಂದಿಷ್ಟೂ ಕೊಸರು ಉಳಿಯುವುದಿಲ್ಲ.

ನಡೆದುಕೊಳ್ಳುವುದು ಎಷ್ಟು ಮುಖ್ಯ ಎಂಬುದಕ್ಕೆ ಕಾಗದದಲ್ಲಿದ್ದ ಒಂದು ಸಂಗತಿಯನ್ನು ಹೇಳಬೇಕು. ಶುಕ್ರವಾರದ ಸೂರ್ಯಾಸ್ತದಿಂದ ಶನಿವಾರ ನಕ್ಷತ್ರ ಮೂಡುವವರೆಗಿನ ವಿಶ್ರಾಂತಿಯ ದಿನವಾದ ಶಬ್ಬಾತ್‌ನಲ್ಲಿ 39 ಬಗೆಯ ಕೆಲಸಗಳು ನಿಷಿದ್ಧ. ಬೆಂಕಿ ಹೊತ್ತಿಸುವುದು ಅವುಗಳಲ್ಲೊಂದಾದ್ದರಿಂದ ದೀಪದ ಸ್ವಿಚ್ಚನ್ನೂ ಮುಟ್ಟುವುದಿಲ್ಲ. ಕಲಿಯುತ್ತಿದ್ದ ಎರಡು ವರ್ಷ ಅವಳು ಎಲ್ಲವನ್ನೂ ಪಾಲಿಸುತ್ತಿದ್ದಳು, ಆದರೆ ಪ್ರತಿ ಶನಿವಾರ ಒಂದು ಸಲ, ಬೇಕೆಂದೇ, ಬಚ್ಚಲಿನ ದೀಪ ಹಾಕಿ ಆರಿಸುತ್ತಿದ್ದಳಂತೆ. ಶಬ್ಬಾತ್ ಇಸ್ರಾಯೇಲ್ಯರಿಗೆ ಕೊಟ್ಟದ್ದಾದ್ದರಿಂದ, ಇನ್ನೂ ಸೇರದವರು ಅದನ್ನು ಪೂರ್ತಿಯಾಗಿ ಆಚರಿಸಬಾರದು ಎಂಬ ನಿಯಮವಿದೆ. ನೀರಿನಲ್ಲಿ ಮುಳುಗಿ ಎದ್ದ ಮೇಲಿನ ಮೊದಲ ಶನಿವಾರದಿಂದ ಅದೇ ಸ್ವಿಚ್ಚು ಒತ್ತುವುದು ಅಪರಾಧ. ಅಷ್ಟರಲ್ಲಿ ಅವಳ ನಂಬಿಕೆಯೇನೂ ಬದಲಾಗಿರಲಿಲ್ಲ.

‘ಮತಾಂತರ’ವೆಂಬ ಪದವನ್ನೇ ಒಪ್ಪದ ಜನ ಭಾರತದಲ್ಲಿಯೂ ಇದ್ದಾರೆ. ಮಣಿಪುರ, ಮಿಜೋರಾಂಗಳ ಬ್ನೇಯ್ ಮೆನಶೆ ಸಮುದಾಯದವರನ್ನು ಇಸ್ರೇಲಿನ ಸೆಫಾರ್ದಿ (ಸ್ಪೇನ್ ಮೂಲದ ಸಂಪ್ರದಾಯದ) ಮುಖ್ಯ ರಬ್ಬಿ 2005ರಲ್ಲಿ ಇಸ್ರಾಯೇಲಿನ ಸಂತತಿಯೆಂದು ಒಪ್ಪಿದರೂ, ವಿಧಿವತ್ತಾದ ಗಿಯೂರ್ ಆಗಲೇಬೇಕೆಂದರು. ಮರಳಿ ಬರುತ್ತಿದ್ದೇವೆ ಎನ್ನುವವರಿಗೆ ಅದು ಅಂತರವಲ್ಲ.

‘ಒಕ್ಕಲು’ ಪದಕ್ಕೆ ಇರುವ ಆಕ್ಷೇಪಗಳೂ ನನಗೆ ಕಾಣುತ್ತವೆ. ಉತ್ತರ ಕರ್ನಾಟಕದಲ್ಲಿ ‘ಒಕ್ಕಲುತನ’ ಎಂದರೆ ಬೇಸಾಯವೇ. ಗೇಣಿ ಒಕ್ಕಲಿನ ನೆನಪು ಇರುವವರಿಗೆ ಒಡೆಯನ ಕೈಕೆಳಗಿನವನು ಎಂಬ ಧ್ವನಿ ಕೇಳಬಹುದು. ಇದಕ್ಕಿಂತ ಗಟ್ಟಿಯಾದದ್ದು ಇನ್ನೊಂದು. ಒಕ್ಕಲಾದವನನ್ನು ಒಕ್ಕಲೆಬ್ಬಿಸಬಹುದು. ಆದರೆ ಯೆಹೂದಿ ಧರ್ಮಶಾಸ್ತ್ರದಲ್ಲಿ ವಿಧಿವತ್ತಾಗಿ ಸೇರಿದವನು ಮುಂದೆ ಎಲ್ಲವನ್ನೂ ಬಿಟ್ಟರೂ ದಾರಿತಪ್ಪಿದ ಇಸ್ರಾಯೇಲ್ಯನೇ ಹೊರತು ಹೊರಗಿನವನಲ್ಲ. ಅವನಿಗೆ ಹಿಂದಿನದನ್ನು ನೆನಪಿಸಿ ನೋಯಿಸುವುದೂ ನಿಷಿದ್ಧ. ಶಾಸ್ತ್ರ ಹೀಗಿದ್ದರೂ, ಇಸ್ರೇಲಿನ ಉನ್ನತ ರಬ್ಬಿ ನ್ಯಾಯಾಲಯ 2008ರಲ್ಲಿ ಎಷ್ಟೋ ಹಳೆಯ ಗಿಯೂರ್‌ಗಳ ಸಿಂಧುತ್ವವನ್ನೇ ಪ್ರಶ್ನಿಸಿ ದೊಡ್ಡ ಗದ್ದಲವಾಯಿತು. ಅದನ್ನು ಕನ್ನಡದಲ್ಲಿ ಬರೆಯುವಾಗ ಮಾತ್ರ ‘ಒಕ್ಕಲೆಬ್ಬಿಸಿದರು’ ಎಂಬ ಪದ ಸೊಗಸಾಗಿ ಕೂಡುತ್ತದೆ.

ಇನ್ನೆರಡು ಪದಗಳನ್ನು ಬೇಗ ಮುಗಿಸುತ್ತೇನೆ. ಮುಳುಗುವ ಕೊಳವಾದ ‘ಮಿಕ್ವೆ’ಗೆ ನಾನು ‘ಕಲ್ಯಾಣಿ’ ಎಂದು ಬರೆದಿದ್ದೇನೆ. ಮೆಟ್ಟಿಲಿಳಿದು ಹೋಗುವುದು, ಸೇದಿ ತುಂಬಿಸದೆ ತಾನಾಗಿ ಕೂಡಿದ ಮಳೆನೀರೋ ಒರತೆಯ ನೀರೋ ಇರಬೇಕೆನ್ನುವುದು ಎರಡೂ ಹೊಂದುತ್ತವೆ. ‘ಕೋಶೆರ್’ ಎಂಬುದಕ್ಕೆ ‘ಮಡಿ’ ಎಂದು ಕೆಲವರು ಬರೆಯುವುದನ್ನು ಕಂಡಿದ್ದೇನೆ, ಒಪ್ಪಲಾರೆ. ಮಡಿ ಮುಟ್ಟಿದರೆ ಹೋಗುತ್ತದೆ. ಕೋಶೆರ್ ಎಂದರೆ ವಿಧಿಗೆ ತಕ್ಕದ್ದು, ‘ಸಲ್ಲುವುದು’. ಸಲ್ಲುವ ಅಡುಗೆ, ಸಲ್ಲದ ಪಾತ್ರೆ ಎಂದು ಬರೆದರೆ ಸಾಕು. ಸಲ್ಲದ ಲೋಹದ ಪಾತ್ರೆಯನ್ನು ಕುದಿನೀರಿನಲ್ಲಿ ಅದ್ದಿ ಸಲ್ಲಿಸಿಕೊಳ್ಳಬಹುದು, ಮಣ್ಣಿನ ಮಡಕೆಯನ್ನು ಒಡೆಯುವುದೊಂದೇ ದಾರಿ ಎಂಬ ಸಾಲನ್ನು ಓದಿದಾಗ ಅಜ್ಜಿ ತಲೆಯಾಡಿಸಿದರು.

ಬಲ್ಲವರಲ್ಲಿ ನನ್ನ ಕೇಳಿಕೆ ಇಷ್ಟು. ದೇವರಿಗೆ ‘ಒಕ್ಕಲಾಗು’ ಎಂಬ ಬಳಕೆ ಹಳೆ ಮೈಸೂರಿನ ತೆಂಕಣ ಸೀಮೆಯಾಚೆಗೆ, ಮುಖ್ಯವಾಗಿ ಧಾರವಾಡ, ಕಲಬುರಗಿಗಳ ಕಡೆ, ಕೇಳಿದೊಡನೆ ತಿಳಿಯುತ್ತದೆಯೇ? ‘ಹಿತ್ಗಯ್ಯೇರ್’ ಎಂಬುದಕ್ಕೆ ‘ಒಕ್ಕಲಾಗು’, ‘ಗಿಯ್ಯೇರ್’ ಎಂಬುದಕ್ಕೆ ‘ಒಕ್ಕಲು ಮಾಡಿಕೊಳ್ಳು’ ಎಂದು ಬೇರೆ ಮಾಡಿದರೆ ಸರಿಹೋಗುತ್ತದೆಯೇ? ಹೀಗೆ ಸೇರಿದ ಹೆಂಗಸಿಗೆ ಹೀಬ್ರೂವಿನಲ್ಲಿ ‘ಗಿಯೋರೆತ್’ ಎಂಬ ಬಿಡಿ ಪದವಿದೆ. ‘ಒಕ್ಕಲಗಿತ್ತಿ’ ಎಂದರೆ ಅರ್ಥ ಹೊಲದ ಕಡೆಗೆ ಹೋಗಿಬಿಡುವುದರಿಂದ, ಸದ್ಯಕ್ಕೆ ‘ಒಕ್ಕಲಾದವಳು’ ಎಂದು ಬರೆದು ಕಾಗದವನ್ನು ಹಾಗೆಯೇ ಇಟ್ಟುಕೊಂಡಿದ್ದೇನೆ.